ಕಂಪ್ಯೂಟರ್ ಬೆಲೆ ಮತ್ತು ಕೂಲಿ

ಕಂಪ್ಯೂಟರೊಂದರ ಬೆಲೆಯನ್ನು ಸ್ಥಳೀಯ ದುಡಿಮೆಯ ದಿನಗಳಲ್ಲಿ ಎಣಿಸುವ ಅಳತೆ. ಯಂತ್ರದ ಬೆಲೆ ಲೋಕದೆಲ್ಲೆಡೆ ಹೆಚ್ಚುಕಡಿಮೆ ಒಂದೇ; ಕೂಲಿ ಹಾಗಲ್ಲ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರ ಮಲ್ಲಿಪಟ್ಟಣದ ಕೂಲಿಕಾರರಿಗೆ ಈ ದರದಲ್ಲಿ 30,000 ರೂಪಾಯಿಯ ಲ್ಯಾಪ್‌ಟಾಪ್ ಎಂದರೆ ಸುಮಾರು 81 ದಿನಗಳ ದುಡಿಮೆ. ಅಮೆರಿಕದ ಒಕ್ಕೂಟ ಕನಿಷ್ಠ ವೇತನ ಗಂಟೆಗೆ 7.25 ಡಾಲರ್; 350 ಡಾಲರಿನ ಲ್ಯಾಪ್‌ಟಾಪಿಗೆ ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಆರು ದಿನ ದುಡಿದರೆ ಸಾಕು.

ಸಿಂಪ್ಯೂಟರ್: ಈ ಅಂತರ ತಗ್ಗಿಸಲು ಬೆಂಗಳೂರಿನಲ್ಲಿ ನಡೆದ ಹೆಸರಾಂತ ಪ್ರಯತ್ನ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರ ಜೊತೆಗೂಡಿ ರೂಪಿಸಿದ ಈ ಅಂಗೈ ಕಂಪ್ಯೂಟರಿನ ಮಾದರಿ 2001ರಲ್ಲಿ ಹೊರಬಂತು. ಲಿನಕ್ಸ್ ಆಧಾರಿತ ಯಂತ್ರವನ್ನು ಊರಿನವರು ಹಂಚಿಕೊಂಡು, ತಮ್ಮ ವಿವರಗಳನ್ನು ಸ್ವಂತ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳುವುದು ಇದರ ಆಶಯ. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿದ’ ಮಾದರಿ 2004ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದಾಗ ಆರಂಭಿಕ ಬೆಲೆ ಸುಮಾರು 10,000 ರೂಪಾಯಿ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮುಂದೆ ಹಳ್ಳಿಯ ಮನೆಗಳಿಗೆ ಮೊದಲ ಕಂಪ್ಯೂಟರಾಗಿ ಬಂದದ್ದು ಮೊಬೈಲ್ ಫೋನು.