ಓಡಿಹೋದ ಹುಡುಗರ ಕಂಪನಿ

ನಮ್ಮ ದಂಡಿನಶಿವರದ ಕಡೆ ಹುಡುಗನೊಬ್ಬ ಓದು ಬಿಟ್ಟು ಅಲೆಯತೊಡಗಿದರೆ, "ನೀನು ನಾಟಕದ ಕಂಪನಿ ಸೇರೋಕೇ ಲಾಯಕ್ಕು" ಎಂದು ಬೈಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಈ ಬೈಗುಳ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಮುಂದೆ ಮೇಡಂ ಆದ ಮೇಲೆ ನಾನೂ ಒಬ್ಬನಿಗೆ ಹಾಗೇ ಬೈದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಬೈಗುಳಕ್ಕೆ ಕಾರಣ ದೂರದ್ದೇನಲ್ಲ. ಅಮ್ಮಸಂದ್ರದಲ್ಲಿ ತುಮಕೂರಿನ ಕಡೆಯ ರೈಲು ಹತ್ತಿದರೆ ನಿಟ್ಟೂರು ದಾಟಿ ಗುಬ್ಬಿ ಬರುತ್ತದೆ. 1884ರಲ್ಲಿ ಅಲ್ಲಿನ ಚಂದಣ್ಣ ಮತ್ತು ಅವರ ಗೆಳೆಯರು ಕಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೇ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಗುಬ್ಬಿ ಕಂಪನಿ. 1891ರಲ್ಲಿ ಹುಟ್ಟಿದ ವೀರಣ್ಣನವರು ಸ್ವತಃ ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದವರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ್ದನ್ನು ನಮ್ಮ ತಾತ, ತಾವೇ ಆ ಆನೆಗೆ ಬೆಲ್ಲ ತಿನ್ನಿಸಿದವರಂತೆ ವರ್ಣಿಸುತ್ತಿದ್ದರು.

ಊರಿಂದೂರಿಗೆ ಹೋಗುವ ಕಂಪನಿಗೆ ಹುಡುಗರು ಬೇಕಾಗಿದ್ದರು. ಬಾಲಪಾತ್ರಕ್ಕೆ, ಸ್ತ್ರೀಪಾತ್ರಕ್ಕೆ, ಪರದೆ ಎಳೆಯುವುದಕ್ಕೆ, ನೀರು ಹೊರುವುದಕ್ಕೆ. ಮನೆಯಲ್ಲಿ ಅನ್ನವಿಲ್ಲದವರು, ಅಪ್ಪನ ಏಟು ತಾಳದವರು, ಯಾವ ಕಾರಣವೂ ಇಲ್ಲದೆ ಕಾಲು ನಿಲ್ಲದವರು, ಎಲ್ಲರಿಗೂ ಅಲ್ಲಿ ಒಂದು ಕೆಲಸವಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಪ್ಪನ ಜೊತೆಯಲ್ಲೇ ಕಂಪನಿಯ ಅನ್ನ ಉಂಡು ಬೆಳೆದು ರಾಜಕುಮಾರರಾದರು. ನಮ್ಮ ತಿಪಟೂರಿನ ನರಸಿಂಹರಾಜು ಅವರೂ ಅಲ್ಲಿದ್ದವರೇ. ಇಬ್ಬರೂ 1954ರ ಬೇಡರ ಕಣ್ಣಪ್ಪ ಚಿತ್ರದಲ್ಲಿ ಕಾಣಿಸಿಕೊಂಡರು. ಹಾಗೆಂದು ಕಂಪನಿ ಬಾಳು ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಸಂಬಳವಿಲ್ಲ. ಸ್ತ್ರೀಪಾತ್ರ ಮಾಡುವ ಹುಡುಗನ ಗಂಟಲು ಒಡೆದರೆ ಅವನ ಮುಂದಿನ ಗತಿ ಯಾರಿಗೂ ತಿಳಿಯದು. ಹೆಸರು ಮಾಡಿದವರನ್ನು ನಾವು ಎಣಿಸುತ್ತೇವೆ. ಉಳಿದವರನ್ನು ಎಣಿಸಿದವರಿಲ್ಲ.

ಅಲ್ಲಿಗೆ ಓಡಿಬಂದವರಲ್ಲಿ ನನ್ನನ್ನು ಬಹಳ ಕಾಡಿದವನು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯವನು. ಬಡವರ ಮನೆಯ ಹುಡುಗ, ಬಾಬುಕೋಡಿ ವೆಂಕಟರಮಣ ಕಾರಂತ. ಪ್ರಾಥಮಿಕ ಶಾಲೆಯಲ್ಲೇ ನಾಟಕದ ರುಚಿ ಹತ್ತಿತ್ತು. ಮನೆ ಬಿಟ್ಟು ಓಡಿದವನು ಬಂದು ನಿಂತದ್ದು ಗುಬ್ಬಿ ಕಂಪನಿಯಲ್ಲಿ. ಸಣ್ಣಪುಟ್ಟ ಪಾತ್ರ ಮಾಡಿದ, ಹಾಡಿದ, ರಂಗದ ಹಿಂದಿನ ಚಾಕರಿ ಕಲಿತ. ಇಲ್ಲಿಗೇ ನಿಂತಿದ್ದರೆ ಅವನೂ ಎಣಿಕೆಗೆ ಸಿಗದವರಲ್ಲಿ ಒಬ್ಬನಾಗುತ್ತಿದ್ದನೋ ಏನೋ. ಆದರೆ ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳಿಸಿಕೊಟ್ಟರು. ಕಂಪನಿಯ ಯಜಮಾನ ತನಗೆ ಬೇಕಾದ ಹುಡುಗನನ್ನು ತಾನೇ ಕೈಬಿಟ್ಟು ಕಳಿಸುವುದೆಂದರೇನು! ಮೂವತ್ತು ವರ್ಷ ಪಾಠ ಹೇಳಿದ ಮೇಲೂ ನನಗೆ ಅಷ್ಟು ದೊಡ್ಡ ಮನಸ್ಸು ಬಂದಿದೆಯೆಂದು ಹೇಳಲಾರೆ. ಕಾಶಿಯಲ್ಲಿ ಕಾರಂತರು ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು.

ಆ ನಡುವೆ ದೆಹಲಿಯಲ್ಲಿ ಅವರು ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ರವೀಂದ್ರನಾಥ ಠಾಕೂರರ ಗಿಳಿಯ ಕತೆಯಿಂದ ಅವರು ಮಾಡಿದ ಮಕ್ಕಳ ನಾಟಕ ಪಂಜರಶಾಲೆ. ಗಿಳಿಗೆ ವಿದ್ಯೆ ಕಲಿಸಬೇಕೆಂದು ಚಿನ್ನದ ಪಂಜರ ಮಾಡಿಸಿ, ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕುವ ಕತೆ. ಶಾಲಾ ವಾರ್ಷಿಕೋತ್ಸವಕ್ಕೆ ಅದನ್ನು ಮಾಡಿಸೋಣವೆಂದು ತೆಗೆದುಕೊಂಡವಳು ಓದಿ ಮುಗಿಸಿ ಸುಮ್ಮನೆ ಕುಳಿತೆ.

ನಾನು ಬೈದ ಹುಡುಗ ಆಗ ಒಂಬತ್ತನೆಯ ತರಗತಿ. ಅಪ್ಪ ಕುಡಿಯುತ್ತಿದ್ದ. ಅಟ್ಟದ ಮೇಲಿನ ಕೊಬ್ಬರಿ ಕದ್ದು ಮಾರಿದನೆಂದು ಹುಡುಗನನ್ನು ತೆಂಗಿನ ಮರಕ್ಕೆ ಕಟ್ಟಿ ಹೊಡೆದಿದ್ದರು. ಕದ್ದದ್ದೂ ನಿಜವೇ. ಊರಲ್ಲಿ ಪೌರಾಣಿಕ ನಾಟಕದ ಅಭ್ಯಾಸ ನಡೆಯುತ್ತಿತ್ತು. ನಮ್ಮ ಕಡೆ ಪಾತ್ರಕ್ಕೆ ಪಾತ್ರಧಾರಿಯೇ ದುಡ್ಡು ಕೊಡಬೇಕು. ಇವನಿಗೆ ಅಭಿಮನ್ಯು ಆಗಬೇಕಿತ್ತು. ರಾತ್ರಿಯೆಲ್ಲ ಹಾರ್ಮೋನಿಯಂ ಪಕ್ಕ ಕುಳಿತು, ಬೆಳಿಗ್ಗೆ ನನ್ನ ಪಾಠದಲ್ಲಿ ನಿದ್ದೆ ಮಾಡುತ್ತಿದ್ದ. ಇಡೀ ತರಗತಿಯ ಎದುರು ಆ ಬೈಗುಳ ಹೇಳಿದೆ. ಮರುದಿನದಿಂದ ಬರಲಿಲ್ಲ. ಅವನ ತಾಯಿ ಬಂದು, "ಹೆಸ್ರು ಹೊಡೀಬ್ಯಾಡಿ ಮೇಡಂ, ಬತ್ತಾನೆ" ಎಂದು ಬಾಗಿಲಲ್ಲಿ ನಿಂತರು. ನಾನು ನಿಯಮ ಹೇಳಿದೆ. ತಿಂಗಳು ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅಲ್ಲಿ ಅವರ ಕೈಕೆಳಗೆ ಬೆಳೆದ ಹುಲುಗಪ್ಪ ಕಟ್ಟೀಮನಿಯವರು ಮುಂದೆ ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಮಾಡಿಸಿದರು. ಕೊಲೆ ಮಾಡಿ ಒಳಗಿದ್ದವರೂ ಬಣ್ಣ ಹಚ್ಚಿ ಜೈಲಿನ ಹೊರಗಿನ ರಂಗಮಂದಿರಗಳಲ್ಲಿ ನಿಂತರು. 2002ರಲ್ಲಿ ಕಾರಂತರು ತೀರಿಕೊಂಡಾಗ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಾ ನನಗೆ ನೆನಪಾದದ್ದು ಆ ಕೆಂಪು ಗೆರೆ.

ಹುಡುಗ ಸೀನರಿ ಬಾಡಿಗೆಗೆ ಕೊಡುವವರ ಲಾರಿ ಹತ್ತಿ ಹೋಗಿದ್ದನೆಂದು ಬಹಳ ಕಾಲದ ಮೇಲೆ ತಿಳಿಯಿತು. ಕೆಲವು ವರ್ಷಗಳ ಹಿಂದೆ ಪಕ್ಕದ ಹಳ್ಳಿಯ ಜಾತ್ರೆಯಲ್ಲಿ ಕುರುಕ್ಷೇತ್ರವಿತ್ತು. ಹಾರ್ಮೋನಿಯಂ ಹಿಂದೆ ಕುಳಿತ ನಾಟಕದ ಮೇಷ್ಟ್ರು ಅವನೇ. ತಲೆ ಅರ್ಧ ನರೆತಿತ್ತು. ಬೆಳಗಿನ ಜಾವ ದುರ್ಯೋಧನ ಮಾತು ಮರೆತು ಗದೆ ತಿರುಗಿಸುತ್ತಾ ನಿಂತುಬಿಟ್ಟ. ಇವನು ಬೈಯಲಿಲ್ಲ. ಮುಖವನ್ನೂ ಎತ್ತದೆ ಶ್ರುತಿ ಹಿಡಿದುಕೊಂಡೇ, ಮುಂದಿನ ಸಾಲಿನ ಮೊದಲ ಎರಡು ಪದ ಮೆಲ್ಲಗೆ ಎತ್ತಿಕೊಟ್ಟ. ದುರ್ಯೋಧನ ಸರಾಗವಾಗಿ ಮುಂದುವರಿದ.

ಆಟ ಮುಗಿದ ಮೇಲೆ ಬಂದು ಕಾಲಿಗೆ ನಮಸ್ಕಾರ ಮಾಡಿದ. "ನನ್ನ ಗುರುತು ಸಿಕ್ತಾ ಮೇಡಂ?" ಎಂದ. ಸಿಕ್ಕಿತು ಕಣಪ್ಪಾ ಎಂದೆ. ಇನ್ನೇನು ಹೇಳಬೇಕೋ ತೋಚಲಿಲ್ಲ. ಅವನ ಕಂಕುಳಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿತ್ತು. ಇಸಿದುಕೊಂಡು ನೋಡಿದೆ. ಇಡೀ ನಾಟಕವನ್ನು ಕೈಯಲ್ಲೇ ಬರೆದುಕೊಂಡಿದ್ದ. ಒಂದು ಕಾಗುಣಿತ ತಪ್ಪಿರಲಿಲ್ಲ.