ವಿಂಗಡಣೆಯ ನಿಯಮ ಬದಲಾದಾಗ: ಭೂದಾಖಲೆ ಮಾದರಿಯ ಡೇಟಾಬೇಸ್‌ಗಳಲ್ಲಿ ಲೈಬ್ರರಿ ಆವೃತ್ತಿಯ ತೊಡಕು

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ಯಾವ ಜಮೀನಿನ ಪಹಣಿ ಬೇಕಾದರೂ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹಿಡಿದು ಹುಡುಕಬೇಕು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆಯಿಂದ ಈ ಹುಡುಕಾಟ ರೈತರಿಗೂ ರೂಢಿಯಾಗಿದೆ. ಇಲ್ಲಿನ ಚರ್ಚೆ ‘ಭೂಮಿ’ಯ ತಂತ್ರಾಂಶದ ಕುರಿತದ್ದಲ್ಲ, ಅದೇ ಬಗೆಯ ದಾಖಲೆಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಡುವವರಿಗೆ ಎದುರಾಗುವ ತೊಡಕಿನದು.

ಆವೃತ್ತಿ ಬದಲಾದಾಗ ಏಳುವ ದೋಷಗಳಲ್ಲಿ ಹೆಚ್ಚಿನವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. 2015ರಲ್ಲಿ ಬಂದ ಪಿಎಚ್‌ಪಿ 7.0 ಹಳೆಯ ಮೈಎಸ್‌ಕ್ಯೂಎಲ್ ವಿಸ್ತರಣೆಯನ್ನು ಕೈಬಿಟ್ಟಾಗ ಅದನ್ನು ನಂಬಿದ್ದ ಪ್ರೋಗ್ರಾಂಗಳು ಅಲ್ಲಲ್ಲೇ ನಿಂತವು; ದೋಷ ಎಲ್ಲಿದೆಯೆಂಬುದೂ ತಿಳಿಯಿತು. ಲಿನಕ್ಸ್‌ನ ಮೂಲ ಲೈಬ್ರರಿ, ಪೋಸ್ಟ್‌ಗ್ರೆಸ್ ಪಠ್ಯದ ವಿಂಗಡಣೆಗೆ ಸಾಮಾನ್ಯವಾಗಿ ನೆಚ್ಚುವ ಜಿಲಿಬ್‌ಸಿಯ 2018ರ ಆಗಸ್ಟಿನ 2.28 ಆವೃತ್ತಿ ಹಾಗಲ್ಲ. ಅಕ್ಷರಗಳ ವಿಂಗಡಣೆಯ ನಿಯಮವನ್ನು ಅದು ಐಎಸ್‌ಒ 14651ರ 2016ರ ಆವೃತ್ತಿಗೆ ಹೊಂದಿಸಿತು. ಮೊದಲು ‘11’ ಆದ ಮೇಲೆ ‘1-1’ ಬರುತ್ತಿತ್ತು. ಈಗ ‘1-1’ ಮುಂದೆ, ‘11’ ಹಿಂದೆ. ಸರ್ವೆ ನಂಬರು, ಹಿಸ್ಸಾಗಳನ್ನು ಅಡ್ಡಗೆರೆಯಿಟ್ಟು ಒಂದೇ ಕಾಲಂನಲ್ಲಿ ಪಠ್ಯವಾಗಿ ಬರೆದಿಟ್ಟಿದ್ದರೆ ಏಟು ಬೀಳುವುದು ಇಲ್ಲೇ. ಇಂಡೆಕ್ಸ್ ಕಟ್ಟಿದ್ದು ಹಳೆಯ ಕ್ರಮದಲ್ಲಿ, ಹುಡುಕುವುದು ಹೊಸ ಕ್ರಮದಲ್ಲಿ. ಸಾಲು ಟೇಬಲ್‌ನಲ್ಲೇ ಇದ್ದರೂ ‘ದಾಖಲೆ ಇಲ್ಲ’ ಎಂಬ ಉತ್ತರ ಬರಬಹುದು. ಇದಕ್ಕಿಂತ ಕೆಟ್ಟದ್ದೆಂದರೆ, ಇದ್ದ ನಂಬರು ಕಾಣದ ಕಾರಣ ಅದೇ ನಂಬರಿನ ಎರಡನೇ ಸಾಲು ತಡೆಯಿಲ್ಲದೆ ಒಳಸೇರಬಹುದು. ಒಂದೇ ಹಿಸ್ಸಾಕ್ಕೆ ಎರಡು ಸಾಲು ಎಂದರೆ ಏನೆಂದು ಜಮೀನಿನ ವ್ಯಾಜ್ಯ ಕಂಡವರಿಗೆ ವಿವರಿಸಬೇಕಿಲ್ಲ.

ಪರಿಹಾರ ಸರಳ, ಆದರೆ ಬಿಡುವಂತಿಲ್ಲ. ಡಂಪ್ ತೆಗೆದು ಹೊಸ ಸರ್ವರಿನಲ್ಲಿ ಮರಳಿ ತುಂಬಿದರೆ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಲ್ಪಡುತ್ತವೆ. ಡೇಟಾ ಫೈಲ್‌ಗಳನ್ನೇ ನಕಲಿಸಿದ್ದರೆ ಪೋಸ್ಟ್‌ಗ್ರೆಸ್‌ನ ‘ಆಮ್‌ಚೆಕ್’ನಿಂದ ಇಂಡೆಕ್ಸ್‌ಗಳನ್ನು ಪರೀಕ್ಷಿಸಿ, ನಕಲು ಸಾಲುಗಳನ್ನು ಬಿಡಿಸಿ, ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ‘ರೀಇಂಡೆಕ್ಸ್’ ಮಾಡಬೇಕು. 2022ರ ಪೋಸ್ಟ್‌ಗ್ರೆಸ್ 15 ಡೇಟಾಬೇಸ್ ಮಟ್ಟದಲ್ಲೂ ವಿಂಗಡಣೆಯ ನಿಯಮದ (ಕೊಲೇಷನ್) ಆವೃತ್ತಿಯ ವ್ಯತ್ಯಾಸದ ಬಗ್ಗೆ ಎಚ್ಚರಿಸುತ್ತದೆ. ಅದರ ‘ರಿಫ್ರೆಶ್ ಕೊಲೇಷನ್ ವರ್ಷನ್’ ಆಜ್ಞೆ ಎಚ್ಚರಿಕೆಯನ್ನಷ್ಟೇ ನಿಲ್ಲಿಸುತ್ತದೆ, ಇಂಡೆಕ್ಸನ್ನು ಸರಿಪಡಿಸುವುದಿಲ್ಲ.

ಬೈಟ್ ಕ್ರಮದ ‘ಸಿ’ ಕೊಲೇಷನ್ ಬಳಸಿದರೆ ಈ ಗೊಡವೆಯೇ ಇಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಯೂನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ‘ವ’ಗಿಂತ ಮೊದಲು, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರದ್ದು. ಹೀಗಾಗಿ ಗ್ರಾಮಗಳ ಪಟ್ಟಿ ಕನ್ನಡದ ಕ್ರಮ ತಪ್ಪುತ್ತದೆ. ಹುಡುಕುವ ಕೀಲಿಗೆ ಗ್ರಾಮದ ಅಂಕಿ ಸಂಕೇತ ಮತ್ತು ‘ಸಿ’ ಕೊಲೇಷನ್, ತೆರೆಯ ಮೇಲಿನ ಪಟ್ಟಿಗೆ ಮಾತ್ರ ಕನ್ನಡ ಕೊಲೇಷನ್ ಎಂದು ಬೇರ್ಪಡಿಸುವುದೇ ಸರಿಯಾದ ವಿನ್ಯಾಸ. ಸರ್ವರಿನ ಆಪರೇಟಿಂಗ್ ಸಿಸ್ಟಂ ಬದಲಿಸುವವರು ಜಿಲಿಬ್‌ಸಿ ಆವೃತ್ತಿಯನ್ನು ಮೊದಲು ಬರೆದಿಟ್ಟುಕೊಳ್ಳಲಿ.