ಕೋಟೆಯಿಂದ ಕಾಟನ್‌ಪೇಟೆಗೆ

ಗೊಟ್ಟಿಗೆರೆಯಿಂದ ನಾವು ಕೆ.ಆರ್. ಮಾರುಕಟ್ಟೆಗೆ ಹೋಗುವುದು ಸಾಮಾನು ಕೊಳ್ಳಲು. ಈ ಸಲ ಮದ್ರಸದ ಮಕ್ಕಳೊಂದಿಗೆ, ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡು, ಹಳೆ ಊರನ್ನು ನಡೆದೇ ನೋಡಿದೆವು.

1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿದು. ಅದರ ಕೋಟೆಯನ್ನು 1761ರಲ್ಲಿ ಹೈದರ್ ಅಲಿಯವರು ಕಲ್ಲಿನಲ್ಲಿ ಕಟ್ಟಿಸಿದರು. ಟಿಪ್ಪು ಸುಲ್ತಾನರ ಮರದ ಕಂಬಗಳ ಅರಮನೆ ಪೂರ್ಣಗೊಂಡ 1791ರಲ್ಲೇ, ಮಾರ್ಚ್ 21ರಂದು, ಕಾರ್ನ್‌ವಾಲಿಸನ ಸೈನ್ಯ ಕೋಟೆಗೆ ನುಗ್ಗಿತು. ಅರಮನೆಯ ಪಕ್ಕದಲ್ಲೇ ಅದಕ್ಕಿಂತ ಹಳೆಯ ವೆಂಕಟರಮಣ ದೇವಾಲಯ ಇಂದಿಗೂ ನಿಂತಿದೆ.

ಕಾಟನ್‌ಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನರ ದರ್ಗಾ ಇದೆ. ಪ್ರತಿವರ್ಷ ಧರ್ಮರಾಯ ಗುಡಿಯ ಕರಗ ಇಲ್ಲಿಗೆ ಬಂದೇ ಮುಂದೆ ಸಾಗುತ್ತದೆ.

ಓದುಗ ಬಂಧುಗಳೇ, ಮಕ್ಕಳನ್ನು ಒಮ್ಮೆ ಈ ಬೀದಿಗಳಲ್ಲಿ ನಡೆಸಿ. ನಾವು ತೋರಿಸದೆ ಹೋದರೆ, ಈ ಊರು ನಿಮ್ಮದಲ್ಲವೆಂದು ಯಾರಾದರೂ ಹೇಳಿದಾಗ ಅವರು ಅದನ್ನೇ ನಂಬಿಯಾರು.